ವಕಾಲತ್ತು ಹಾಕುವುದಿಲ್ಲ ಎಂದು ಕೈ ಎತ್ತುವ ಮುನ್ನ: ರಾಜ್ಯದ ವಕೀಲರ ಸಂಘಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ವಕೀಲರ ಸಂಘಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ, ಬಾರ್ ರೂಮಿನಲ್ಲಿ ಕೂತು ಇದನ್ನು ಮೊಬೈಲಿನಲ್ಲಿ ಓದಲಿರುವ ಎಲ್ಲ ಗೆಳೆಯರಿಗೆ,

ನಮಸ್ಕಾರ.

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೋರ್ಟಿನಲ್ಲಿ ಮೂವತ್ತೊಂದು ವರ್ಷದಿಂದ ಕರಿ ಕೋಟು ಹಾಕುತ್ತಿರುವವನು ನಾನು. ನನ್ನ ಆಫೀಸಿನ ಕಪಾಟು ತೆಗೆದರೆ ಮುಕ್ಕಾಲು ಪಾಲು ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಅಪಘಾತದ ಪರಿಹಾರ. ಕೊಲೆ ಕೇಸು ಬೆರಳೆಣಿಕೆಯಷ್ಟು. ಮರಣದಂಡನೆಯ ಬಗ್ಗೆ ಬರೆಯಲು ನಾನು ದೊಡ್ಡ ಕ್ರಿಮಿನಲ್ ವಕೀಲನೂ ಅಲ್ಲ, ಸಂವಿಧಾನ ಅರೆದು ಕುಡಿದವನೂ ಅಲ್ಲ. ಆದರೆ ಒಂದು ಗಲ್ಲು ಶಿಕ್ಷೆ ನಮ್ಮ ಬಾರ್ ರೂಮಿನಲ್ಲಿ ಹೇಗೆ ಹುಟ್ಟಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎಂದರೆ ಅರ್ಧ ಸುಳ್ಳು. ನಾನೂ ಅದಕ್ಕೆ ಕೈ ಎತ್ತಿದವನೇ.

ಊರಿನಲ್ಲಿ ಘೋರವಾದದ್ದೊಂದು ನಡೆದಾಗ ಏನೇನು ಆಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮೊದಲ ದಿನ ಸರ್ಕಲ್ಲಿನಲ್ಲಿ ಟೈರು ಸುಡುತ್ತಾರೆ. ಎರಡನೇ ದಿನ ಬಂದ್. ಮೂರನೇ ದಿನ ಶಾಲೆ ಮಕ್ಕಳ ಕೈಗೆ ‘ಗಲ್ಲಿಗೇರಿಸಿ’ ಎಂಬ ಬೋರ್ಡು ಕೊಟ್ಟು ಡಿ.ಸಿ. ಆಫೀಸಿಗೆ ಮೆರವಣಿಗೆ. ಅದೇ ಹೊತ್ತಿಗೆ ನಮ್ಮಲ್ಲಿ ತುರ್ತು ಸರ್ವಸಾಧಾರಣ ಸಭೆ ಸೇರಿ, ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು ಎಂಬ ಠರಾವು. ಐದು ನಿಮಿಷದ ಕೆಲಸ. ಆಮೇಲೆ ಚಹಾ, ಫೋಟೊ, ಮರುದಿನ ಪೇಪರಿನಲ್ಲಿ ಎರಡು ಕಾಲಮ್ಮಿನ ಸುದ್ದಿ. ಊರವರು ಸಿಕ್ಕಾಗ ಬೆನ್ನು ತಟ್ಟುತ್ತಾರೆ. ವಕೀಲರನ್ನು ಜನ ಮನಸಾರೆ ಹೊಗಳುವ ಸಂದರ್ಭ ಬೇರೆ ಯಾವುದಿದೆ, ಹೇಳಿ?

ನಮ್ಮೂರಿನದು ಎಂಟು ವರ್ಷದ ಹುಡುಗನ ಕೇಸು. ಜಾತ್ರೆಯ ಮರುದಿನ ಬಾವಿಯಲ್ಲಿ ಹೆಣ ಸಿಕ್ಕಿತು. ಮೈಮೇಲೆ ಇದ್ದ ಬೆಳ್ಳಿ ಉಡದಾರ ಇರಲಿಲ್ಲ. ನಾಲ್ಕನೇ ದಿನ ಇಟ್ಟಂಗಿ ಭಟ್ಟಿಯ ಕೂಲಿಯವನೊಬ್ಬನನ್ನು ಹಿಡಿದರು. ಉಡದಾರವನ್ನು ಅವನೇ ತೋರಿಸಿಕೊಟ್ಟ ಎಂದು ಪಂಚನಾಮೆ ಆಯಿತು. ಸಭೆಯಲ್ಲಿ ಠರಾವು ಓದಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, “ಇದು ಕಾನೂನಿಗೆ ಸರಿಹೋಗೂದಿಲ್ರೆಪಾ” ಎಂದರು. “ನಿಮ್ಮ ಮೊಮ್ಮಗ ಆಗಿದ್ರ?” ಎಂದು ಯಾರೋ ಕೂಗಿದರು. ಅವರು ಕೂತರು. ನಾನು ಕೈ ಎತ್ತಿದೆ. ನನ್ನ ಮಗನಿಗೂ ಆಗ ಎಂಟೇ ವರ್ಷ.

ವಕೀಲರಿಲ್ಲದೆ ವಿಚಾರಣೆ ನಡೆಯುವಂತಿಲ್ಲ. ಕೋರ್ಟು ಕಾನೂನು ನೆರವಿನ ಪಟ್ಟಿಯಿಂದ ಒಬ್ಬ ಹುಡುಗನನ್ನು ನೇಮಿಸಿತು. ಸನ್ನದು ಪಡೆದು ಮೂರು ವರ್ಷವಾಗಿತ್ತು, ನನ್ನ ಆಫೀಸಿನಲ್ಲೇ ಜೂನಿಯರ್ ಆಗಿದ್ದವನು. ಅವನಿಗೆ ಯಾರೂ ಒಂದು ಮಾತೂ ಬೈಯಲಿಲ್ಲ. ಅವನು ಬಂದು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು, ಅಷ್ಟೇ. ಸಂಜೆ ಹೊರಗೆ ಬಂದರೆ ಬೈಕಿನ ಗಾಳಿ ಹೋಗಿರುತ್ತಿತ್ತು. ಒಮ್ಮೆ ನನ್ನ ಹತ್ತಿರ ಬಂದು, “ಸರ್, ಪಂಚರನ್ನ ಹೆಂಗ ಕ್ರಾಸ್ ಮಾಡ್ಲಿ?” ಎಂದು ಕೇಳಿದ. ನಾನು ಎಲ್ಲಿಗೋ ಹೊರಟಿದ್ದವನಂತೆ ನಟಿಸಿದೆ. ಹೀಗಾಗಿ ಅವನು ತನಗೆ ಗೊತ್ತಿದ್ದಷ್ಟು ಕೇಳಿದ. ಆ ಸಾಕ್ಷಿಗಳ ಪಾಟೀಸವಾಲನ್ನು ಈಗಲೂ ತೆಗೆದು ನೋಡಬಹುದು. ಪ್ರತಿಯೊಂದೂ ಒಂದೇ ಸಾಲು: ‘ನಾನು ಪೊಲೀಸರ ಹೇಳಿಕೆಯಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಹಲವು ಕಡೆ ಅದೂ ಇಲ್ಲ, ‘ಪಾಟೀಸವಾಲು ಇಲ್ಲ’ ಎಂದಿದೆ.

ತೀರ್ಪಿನ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಅಪರಾಧಿ ಎಂದರು. ಊಟದ ವಿರಾಮದ ನಂತರ ಶಿಕ್ಷೆಯ ಪ್ರಮಾಣದ ಮೇಲೆ ವಾದ. ಸರ್ಕಾರಿ ಅಭಿಯೋಜಕರು ಮುಕ್ಕಾಲು ಗಂಟೆ ಮಾತಾಡಿದರು. ನಮ್ಮ ಹುಡುಗ ಎದ್ದು, ಆರೋಪಿ ಬಡವ, ವಯಸ್ಸಾದ ತಾಯಿ ಇದ್ದಾಳೆ, ಕನಿಷ್ಠ ಶಿಕ್ಷೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ ಎಂದು ಹೇಳಿ ಕೂತ. ಎರಡು ನಿಮಿಷವೂ ಆಗಲಿಲ್ಲ. ಆ ಮನುಷ್ಯ ಎಲ್ಲಿ ಹುಟ್ಟಿದ, ಯಾವ ವಯಸ್ಸಿಗೆ ಭಟ್ಟಿಗೆ ಬಂದ, ತಲೆ ನೆಟ್ಟಗಿತ್ತೋ ಇಲ್ಲವೋ, ಜೈಲಿನಲ್ಲಿ ಹೇಗಿದ್ದ ಎಂಬ ಒಂದು ಸಾಲೂ ದಾಖಲೆಗೆ ಬರಲಿಲ್ಲ. ‘ಅಪರೂಪದಲ್ಲಿ ಅಪರೂಪ’ ಎಂದು ಸುಪ್ರೀಂ ಕೋರ್ಟು 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಹೇಳಿತಲ್ಲ, ಅಪರಾಧವನ್ನಷ್ಟೇ ಅಲ್ಲ ಅಪರಾಧಿಯನ್ನೂ ನೋಡಬೇಕು ಎಂದಿತಲ್ಲ, ಆ ನೋಡುವ ಕೆಲಸ ನಮ್ಮ ಕೋರ್ಟಿನಲ್ಲಿ ಚಹಾದ ಹೊತ್ತಿಗೆ ಮುಗಿದಿತ್ತು. ನಾಲ್ಕೂಕಾಲಿಗೆ ಗಲ್ಲು.

ಹೊರಗೆ ಪಟಾಕಿ ಹೊಡೆದರು. ಸತ್ತ ಹುಡುಗನ ತಾಯಿ ವರಾಂಡದ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, “ಫಾಶಿ ಆತಂತ್ರಿ. ಮುಗೀತಲ್ರಿ?” ಎಂದಳು. ಮುಗಿದಿಲ್ಲ ತಾಯಿ, ಇನ್ನು ಕಾಗದಪತ್ರ ಎಲ್ಲಾ ಧಾರವಾಡ ಹೈಕೋರ್ಟಿಗೆ ಹೋಗುತ್ತದೆ, ಅಲ್ಲಿ ಸ್ಥಿರವಾಗಬೇಕು, ಆಮೇಲೆ ದಿಲ್ಲಿ, ಆಮೇಲೆ ರಾಜ್ಯಪಾಲರು, ರಾಷ್ಟ್ರಪತಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಹೂಂ ಬೇ” ಎಂದೆ.

ಮುಂದೇನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ನಾವು ಪಟಾಕಿ ಹೊಡೆಯುವ ಈ ಶಿಕ್ಷೆ ಮೇಲೆ ಹೋದ ಮೇಲೆ ಏನಾಗುತ್ತದೆ ಎಂಬ ಲೆಕ್ಕ ನೋಡೋಣ.

ಇಡೀ ಕರ್ನಾಟಕಕ್ಕೆ ನೇಣುಗಂಬ ಇರುವುದು ಒಂದೇ ಕಡೆ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಕೊನೆಯ ಸಲ ಒಬ್ಬನನ್ನು ನೇಣಿಗೇರಿಸಿದ್ದು 1983ರಲ್ಲಿ. ಇವತ್ತು ಬಾರಿನಲ್ಲಿರುವ ಅರ್ಧಕ್ಕರ್ಧ ಮಂದಿ ಆಗ ಹುಟ್ಟಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಸೆಷನ್ಸ್ ಕೋರ್ಟುಗಳು ಗಲ್ಲು ಬರೆಯುತ್ತಲೇ ಇವೆ. ದೇಶದ ಲೆಕ್ಕವೂ ಇದೇ ಜಾಡಿನದು. ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿದ್ದ ‘ಪ್ರಾಜೆಕ್ಟ್ 39ಎ’ ತಂಡ ವರ್ಷವರ್ಷವೂ ಈ ಎಣಿಕೆ ಇಟ್ಟಿತ್ತು. 2024ರಲ್ಲಿ ದೇಶದ ವಿಚಾರಣಾ ನ್ಯಾಯಾಲಯಗಳು 139 ಮಂದಿಗೆ ಗಲ್ಲು ವಿಧಿಸಿದವು. ಆ ವರ್ಷದ ಕೊನೆಗೆ ಗಲ್ಲಿನ ನೆರಳಿನಲ್ಲಿದ್ದ ಕೈದಿಗಳು 564. ಅದೇ 2024ರಲ್ಲಿ, ಅದರ ಹಿಂದಿನ 2023ರಲ್ಲಿ, ಸುಪ್ರೀಂ ಕೋರ್ಟು ಎತ್ತಿಹಿಡಿದ ಗಲ್ಲು ಶಿಕ್ಷೆ ಒಂದೂ ಇಲ್ಲ. ಕೆಳಗೆ ನೂರಾರು, ಮೇಲೆ ಸೊನ್ನೆ. ನಮ್ಮ ಸಿವಿಲ್ ಡಿಕ್ರಿಗಳು ಈ ಪ್ರಮಾಣದಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಗಿದ್ದರೆ ಕಕ್ಷಿದಾರರು ನಮ್ಮ ಆಫೀಸಿನ ಬಾಗಿಲು ತುಳಿಯುತ್ತಿದ್ದರೇ?

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 1993ರ ಏಪ್ರಿಲ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಪಾಲಾರ್‌ನಲ್ಲಿ ವೀರಪ್ಪನ್ ತಂಡ ನೆಲಬಾಂಬು ಸಿಡಿಸಿ 22 ಮಂದಿಯನ್ನು ಕೊಂದಿತು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು 2001ರಲ್ಲಿ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಅವರು ಮೇಲ್ಮನವಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ 2004ರಲ್ಲಿ ಜೀವಾವಧಿ ಹೋಗಿ ಗಲ್ಲಾಯಿತು. ಬಿಡಿಸಿಕೊಳ್ಳಲು ಹೋಗಿ ಕುಣಿಕೆ ಬಿಗಿಸಿಕೊಂಡು ಬಂದರು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು. 2013ರ ಫೆಬ್ರುವರಿಯಲ್ಲಿ ತಿರಸ್ಕಾರವಾದಾಗ ಹಿಂಡಲಗಾದಲ್ಲಿ ಸಿದ್ಧತೆ ನಡೆದಿದೆ ಎಂದು ಟಿ.ವಿ.ಯವರು ಜೈಲಿನ ಗೇಟಿನ ಮುಂದೆ ಕ್ಯಾಮೆರಾ ನೆಟ್ಟರು. ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಇಷ್ಟು ವರ್ಷ ಸಾವಿನ ಬಾಗಿಲಲ್ಲಿ ನಿಲ್ಲಿಸಿದ್ದೇ ಹಿಂಸೆ ಎಂದು ಅವರದ್ದೂ ಸೇರಿ ಹದಿನೈದು ಮಂದಿಯ ಗಲ್ಲು ಜೀವಾವಧಿಯಾಯಿತು. ಹೊರಟಲ್ಲಿಗೇ ಬಂದು ನಿಂತದ್ದು. ನಡುವೆ ಹೋದದ್ದು ಹದಿಮೂರು ವರ್ಷ. ಪಾಲಾರ್‌ನಲ್ಲಿ ಸತ್ತವರ ಮನೆಯವರು ಈ ಹದಿಮೂರು ವರ್ಷ ಪ್ರತಿ ಸುದ್ದಿಗೂ ಟಿ.ವಿ. ಮುಂದೆ ಕೂತಿರಬೇಕಲ್ಲ.

ಬೆಂಗಳೂರಿನಲ್ಲಿ 1998ರಲ್ಲಿ ಹೆಣ್ಣುಮಗಳೊಬ್ಬಳ ಅತ್ಯಾಚಾರ, ಕೊಲೆ ನಡೆದ ಪ್ರಕರಣದಲ್ಲಿ 2006ರಲ್ಲಿ ಒಬ್ಬನಿಗೆ ಗಲ್ಲಾಯಿತು. ಹೆಸರು ಹೇಳಿದರೆ ನಿಮಗೆಲ್ಲ ಗೊತ್ತಿರುವವನೇ, ಯಾರಿಗೂ ಮರುಕ ಹುಟ್ಟಿಸುವ ಮನುಷ್ಯನಲ್ಲ. ಅವನನ್ನು ಹಿಂಡಲಗಾದಲ್ಲಿ ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟರು. ಎಲ್ಲ ದಾರಿ ಮುಚ್ಚುವ ತನಕ ಗಲ್ಲಿನ ಕೈದಿಯನ್ನು ಹಾಗೆ ಬೇರೆ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಸುನಿಲ್ ಬಾತ್ರಾ ತೀರ್ಪಿನಲ್ಲಿ ಹೇಳಿಯಾಗಿತ್ತು. ಜೈಲಿನವರಿಗೆ ಅದು ಗೊತ್ತಿರಲಿಲ್ಲವೋ, ಯಾರೂ ಕೇಳಲಿಲ್ಲವೋ. ಫಲವಾಗಿ 2022ರ ನವೆಂಬರ್‌ನಲ್ಲಿ ಆ ಗಲ್ಲೂ ಹೋಯಿತು, ಕನಿಷ್ಠ ಮೂವತ್ತು ವರ್ಷ ಒಳಗಿರಬೇಕೆಂಬ ಜೀವಾವಧಿಯಾಯಿತು. ಬಳ್ಳಾರಿ ಸೀಮೆಯಲ್ಲಿ 2017ರಲ್ಲಿ ಹೆಂಡತಿ, ನಾದಿನಿ, ತನ್ನದೇ ಮೂರು ಮಕ್ಕಳನ್ನು ಕೊಂದವನ ಗಲ್ಲನ್ನು ಧಾರವಾಡ ಪೀಠ 2023ರಲ್ಲಿ ಎತ್ತಿಹಿಡಿದಿತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ಸಾಯುವ ತನಕ ಬಿಡುಗಡೆಯಿಲ್ಲದ ಜೀವಾವಧಿ ಮಾಡಿತು. ಅವನ ಹಿನ್ನೆಲೆ, ಜೈಲಿನ ನಡತೆ ಕುರಿತ ವರದಿಗಳು ಅಲ್ಲಿ ಮೇಜಿನ ಮೇಲಿದ್ದವು. ನಮ್ಮ ಹುಡುಗ ಎರಡು ನಿಮಿಷದಲ್ಲಿ ಮುಗಿಸಿದ್ದು ಅದನ್ನೇ.

ಈಗ ನೇರ ವಿಷಯಕ್ಕೆ ಬರುತ್ತೇನೆ. ವಕೀಲರಿಲ್ಲದ ಗಲ್ಲು ಎಷ್ಟು ಗಟ್ಟಿ?

1997ರ ಡಿಸೆಂಬರ್‌ನಲ್ಲಿ ದಿಲ್ಲಿಯ ಬಸ್ಸೊಂದರಲ್ಲಿ ಬಾಂಬು ಸಿಡಿದು ನಾಲ್ವರು ಸತ್ತರು. ಪಾಕಿಸ್ತಾನದ ಪ್ರಜೆ ಎನ್ನಲಾದ ಒಬ್ಬನಿಗೆ ಸೆಷನ್ಸ್ ಕೋರ್ಟು ಗಲ್ಲು ಕೊಟ್ಟಿತು, ಹೈಕೋರ್ಟು ಎತ್ತಿಹಿಡಿಯಿತು. ಪಾಕಿಸ್ತಾನಿ, ಬಾಂಬು, ಬಸ್ಸು. ಇದಕ್ಕಿಂತ ‘ಗಟ್ಟಿ’ ಕೇಸು ಇನ್ನೊಂದು ಬೇಕೆ? 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕಡತ ತೆರೆದುಕೊಂಡಾಗ ಕಂಡದ್ದೇನು? 65 ಸಾಕ್ಷಿಗಳಲ್ಲಿ 56 ಮಂದಿಯ ಸಾಕ್ಷ್ಯ ಬರೆದುಕೊಂಡಾಗ ಆರೋಪಿಯ ಪಕ್ಕ ವಕೀಲರೇ ಇರಲಿಲ್ಲ. ಕಣ್ಣಾರೆ ಕಂಡವರು, ತನಿಖಾಧಿಕಾರಿ ಎಲ್ಲ ಅದರಲ್ಲೇ ಬಂದರು. ಪೀಠದ ಇಬ್ಬರಲ್ಲಿ ಒಬ್ಬರು ನಮ್ಮ ಚಿಕ್ಕಮಗಳೂರು ಜಿಲ್ಲೆಯ ನ್ಯಾಯಮೂರ್ತಿ ಎಚ್.ಎಲ್. ದತ್ತು. ಶಿಕ್ಷೆ ರದ್ದಾಯಿತು. ಮತ್ತೆ ವಿಚಾರಣೆ ನಡೆಸಬೇಕೋ ಬೇಡವೋ ಎಂಬಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೂ ಒಮ್ಮತ ಬರಲಿಲ್ಲ. ಮೂವರ ಪೀಠ ಮರುವಿಚಾರಣೆ ಎಂದಿತು. ಸರಿಯಾದ ವಕೀಲರ ಎದುರು ಅದೇ ಕೇಸು ನಡೆದಾಗ 2013ರಲ್ಲಿ ಅವನು ಖುಲಾಸೆಯಾದ. ಹಾಗಿದ್ದರೆ ಬಸ್ಸಿನಲ್ಲಿ ಸತ್ತ ನಾಲ್ವರಿಗೆ ಸಿಕ್ಕಿದ್ದೇನು?

ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಮಂದಿಯ ಕಥೆ ಇನ್ನೂ ಕಠಿಣ. 2003ರ ದರೋಡೆ, ಅತ್ಯಾಚಾರ, ಕೊಲೆಗಳ ಪ್ರಕರಣ. ಹೈಕೋರ್ಟು ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಆ ಮೂವರಿಗೂ ಮತ್ತೆ ಗಲ್ಲು ಕೊಟ್ಟು, ಆರೂ ಮಂದಿಯನ್ನು ಒಂದೇ ಸಾಲಿಗೆ ತಂದಿತು. ಹತ್ತು ವರ್ಷದ ಮೇಲೆ, 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಮಂದಿಯನ್ನು ಬಿಟ್ಟು, ತಲಾ ಐದು ಲಕ್ಷ ಪರಿಹಾರ ಕೊಡಿ ಎಂದಿತು. ಬದುಕುಳಿದಿದ್ದ ಹೆಂಗಸು ಪೊಲೀಸರ ಫೋಟೊ ಪುಸ್ತಕ ನೋಡಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ಕಾಗದ ಕಡತದಲ್ಲೇ ಇತ್ತು. ಹದಿನಾರು ವರ್ಷ ಅಲ್ಲೇ ಇತ್ತು. ಕೊನೆಗೊಬ್ಬರು ಓದಿದರು. ಸಿಕ್ಕಿಬಿದ್ದಾಗ ಅವರಲ್ಲಿ ಒಬ್ಬ ಇನ್ನೂ ಬಾಲಕ.

ನೊಯಿಡಾ ಹತ್ತಿರದ ನಿಠಾರಿಯ ಮಕ್ಕಳ ಸರಣಿ ಕೊಲೆಗಳು ಎಂದರೆ ಸಾಕು, ಹೆಚ್ಚು ಹೇಳಬೇಕಿಲ್ಲ. ಆ ಮನೆಗೆಲಸದವನ ಗಲ್ಲನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿದಿತ್ತು. 2014ರಲ್ಲಿ ನೇಣಿಗೆ ದಿನ ಹತ್ತಿರ ಬಂದು ನಡುರಾತ್ರಿ ತಡೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ ಉಳಿದಿದ್ದ ಆ ಕೊನೆಯ ಕೇಸಿನಲ್ಲೂ ಅವನು ಖುಲಾಸೆ. ಅಂದು ರಾತ್ರಿ ತಡೆ ಬಾರದೇ ಹೋಗಿದ್ದರೆ ಈ ಖುಲಾಸೆಯ ಪ್ರತಿಯನ್ನು ಯಾರ ಕೈಗೆ ಕೊಡುತ್ತಿದ್ದರು?

ನಿಮ್ಮಲ್ಲಿ ಕೆಲವರು ಈ ಹೊತ್ತಿಗೆ ಹೇಳುತ್ತಿರಬಹುದು: “ಅವೆಲ್ಲ ತನಿಖೆಯ ತಪ್ಪು ಸಾಹೇಬ್ರ. ನಿಜವಾಗ್ಲೂ ಮಾಡಿದವನ ಕಥಿ ಏನು?” ನ್ಯಾಯವಾದ ಪ್ರಶ್ನೆ. ನಮ್ಮೂರಿನ ಭಟ್ಟಿ ಕೂಲಿಯವನೇ ಆ ಹುಡುಗನನ್ನು ಕೊಂದ ಎಂದೇ ನನಗೂ ಅನಿಸುತ್ತದೆ. ಆದರೂ ಹೇಳುತ್ತೇನೆ, ಗಲ್ಲು ಕೊಡಬಾರದಿತ್ತು. ಮೊದಲು ನಾನು ಹೀಗೆ ಹೇಳುವವನಾಗಿರಲಿಲ್ಲ. ನನ್ನ ಮನಸ್ಸು ತಿರುಗಿಸಿದ್ದು ಅಹಿಂಸೆಯ ಉಪದೇಶವಲ್ಲ, ಒಂದು ಹಳೆಯ ತೀರ್ಪು. ಉತ್ತರ ಪ್ರದೇಶದ ಒಂದೇ ಪ್ರಕರಣ, ಒಂದೇ ಪಾತ್ರ, ಒಂದೇ ಗಲ್ಲು, ಮೂರು ಮಂದಿ. ಮೂವರೂ ಬೇರೆ ಬೇರೆ ಸಮಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಬೇರೆ ಬೇರೆ ಪೀಠದ ಮುಂದೆ ಬಿದ್ದರು. ಒಬ್ಬನ ಗಲ್ಲು ಜೀವಾವಧಿಗೆ ಇಳಿಯಿತು. ಇನ್ನೊಬ್ಬನನ್ನು 1981ರ ಅಕ್ಟೋಬರ್ 6ರಂದು ನೇಣಿಗೇರಿಸಿದರು. ಮೂರನೆಯವನನ್ನೂ ಅದೇ ದಿನ ಏರಿಸಬೇಕಿತ್ತು, ಅವನ ಅರ್ಜಿ ಕೊನೇ ಗಳಿಗೆಯಲ್ಲಿ ಮುಟ್ಟಿತು, ಉಳಿದ. ಹರ್ಬನ್ಸ್ ಸಿಂಗ್ ಪ್ರಕರಣ ಎಂದು 1982ರ ವರದಿಗಳಲ್ಲಿ ಸಿಗುತ್ತದೆ, ಹುಡುಕಿ ಓದಿ. ಪಾಪದ ತೂಕ ಮೂವರದ್ದೂ ಒಂದೇ. ಬೇರೆಯಾದದ್ದು ಯಾವ ದಿನ, ಯಾವ ಪೀಠ, ಯಾವ ವಕೀಲ. ಇದಕ್ಕೆ ನಮ್ಮ ಕಡೆ ಚೀಟಿ ಎತ್ತುವುದು ಎನ್ನುತ್ತಾರೆ.

ಹೆಣ್ಣುಮಕ್ಕಳ ರಕ್ಷಣೆಗಾದರೂ ಗಲ್ಲು ಬೇಕಲ್ಲವೇ ಎಂಬ ಮಾತೂ ಬರುತ್ತದೆ. 2012ರ ದಿಲ್ಲಿ ಘಟನೆಯ ನಂತರ ಕೂತ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ತಿಂಗಳೊಪ್ಪತ್ತಿನಲ್ಲಿ ಕೊಟ್ಟ ವರದಿಯಲ್ಲಿ ಅತ್ಯಾಚಾರಕ್ಕೆ ಗಲ್ಲು ಬೇಡ ಎಂದೇ ಹೇಳಿತ್ತು. ಕೇಳಿದವರಾರು? ಆ ಪ್ರಕರಣದ ನಾಲ್ವರನ್ನು 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರದಲ್ಲಿ ನೇಣಿಗೇರಿಸಿದರು. ಏಳು ವರ್ಷ ಹಿಡಿದದ್ದು ತಡ ಎಂದು ಸಿಟ್ಟಾದ ಜನ ಈಗ ಅಷ್ಟೂ ಕಾಯಲು ತಯಾರಿಲ್ಲ. ಹುಬ್ಬಳ್ಳಿಯಲ್ಲಿ 2025ರ ಏಪ್ರಿಲ್ 13ರಂದು ಐದು ವರ್ಷದ ಮಗುವಿನ ಕೊಲೆಯಾಯಿತು, ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ವಕೀಲರೇ ಕೈಮುಗಿಯುವ ಚಿತ್ರ ಹಾಕಿದರು. ಆ ಮಗುವಿನ ಮನೆಯವರ ಸಂಕಟದ ಮುಂದೆ ನಾನು ಏನನ್ನೂ ವಾದಿಸಲಾರೆ. ಆದರೆ ಕೋರ್ಟೇ ಬೇಡ ಎಂದು ವಕೀಲರು ಸಂಭ್ರಮಿಸುವುದು, ಬೆಳೆ ಬೇಡ ಎಂದು ಒಕ್ಕಲಿಗ ಸಂಭ್ರಮಿಸಿದ ಹಾಗೆ. ಹೈದರಾಬಾದಿನಲ್ಲಿ ಅತ್ಯಾಚಾರ, ಕೊಲೆಯ ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದ 2019ರ ‘ಎನ್‌ಕೌಂಟರ್’ ಬಗ್ಗೆ ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದದ್ದನ್ನು ಆ ಗುಂಪಿನಲ್ಲಿ ಯಾರೂ ಹಾಕಲಿಲ್ಲ. ಇನ್ನು ನಮ್ಮ ಕರಾವಳಿಯಲ್ಲಿ, ಉಜಿರೆ ಹತ್ತಿರ 2012ರಲ್ಲಿ ಕೊಲೆಯಾದ ವಿದ್ಯಾರ್ಥಿನಿಯ ಪ್ರಕರಣ ನೆನಪಿಸಿಕೊಳ್ಳಿ. ಸಿಕ್ಕಿಬಿದ್ದವನೊಬ್ಬ ಹನ್ನೊಂದು ವರ್ಷ ‘ಅವನೇ’ ಎನಿಸಿಕೊಂಡ. 2023ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವನನ್ನು ಬಿಟ್ಟಿತು. ನಿಜವಾದವರು ಯಾರು ಎಂದು ಜನ ಇವತ್ತಿಗೂ ಬೀದಿಯಲ್ಲಿ ಕೇಳುತ್ತಿದ್ದಾರೆ. 2012ರಲ್ಲೇ ಹುಬ್ಬಳ್ಳಿಯಂತೆ ಆಗಿದ್ದರೆ ಆ ಪ್ರಶ್ನೆ ಕೂಡ ಅವತ್ತೇ ಸುಟ್ಟುಹೋಗುತ್ತಿತ್ತು.

ಹಾಗಾದರೆ ಬಿಟ್ಟುಬಿಡಬೇಕೇ? ಯಾರು ಹೇಳಿದರು? ಬಿಡದೆ ಇಡುವ ದಾರಿಯನ್ನು ತೋರಿಸಿದ್ದೇ ಬೆಂಗಳೂರಿನ ಒಂದು ಕೇಸು. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು 1991ರಲ್ಲಿ ಅವಳ ಗಂಡ ಸ್ವಾಮಿ ಶ್ರದ್ಧಾನಂದ ಮನೆಯಂಗಳದಲ್ಲೇ ಹೂತುಹಾಕಿ, ಅದರ ಮೇಲೆ ಮೂರು ವರ್ಷ ಓಡಾಡಿಕೊಂಡಿದ್ದ. ಸೆಷನ್ಸ್, ಹೈಕೋರ್ಟು ಎರಡೂ ಗಲ್ಲು ಎಂದವು. ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಬ್ಬರು ಗಲ್ಲು ಎಂದರು, ಒಬ್ಬರು ಬೇಡ ಎಂದರು. 2008ರಲ್ಲಿ ಮೂವರ ಪೀಠ, ಉಸಿರಿರುವ ತನಕ ಜೈಲು, ಮಾಫಿ ಇಲ್ಲ, ಆಗಸ್ಟ್ ಹದಿನೈದರ ಬಿಡುಗಡೆ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಹೊಸ ಶಿಕ್ಷೆಯನ್ನೇ ರೂಪಿಸಿತು. 2015ರಲ್ಲಿ ಸಂವಿಧಾನ ಪೀಠವೂ ಅದಕ್ಕೆ ಒಪ್ಪಿತು. ಮುಂದೆ ಹೊಸ ಸಾಕ್ಷ್ಯ ಸಿಕ್ಕಿ ತಪ್ಪಾಗಿದೆ ಎಂದು ತಿಳಿದರೆ ಬಾಗಿಲು ತೆಗೆಯಬಹುದು. ನೇಣು ಹಾಕಿದ ಮೇಲೆ ಯಾವ ಬಾಗಿಲು? ಅದೇ 2015ರಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧ ಇವೆರಡನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ತೆಗೆಯಿರಿ ಎಂದಿತು. ನಾನು ಆ ಎರಡಕ್ಕೂ ಗಲ್ಲು ಬೇಡ ಎನ್ನುವವನು. ನೀವು ಒಪ್ಪಬೇಕಿಲ್ಲ.

ನಿಮ್ಮಿಂದ ನಾನು ಕೇಳುತ್ತಿರುವುದು ಗಲ್ಲಿನ ವಿರುದ್ಧ ಠರಾವನ್ನಲ್ಲ. ಗಲ್ಲು ಬೇಕೋ ಬೇಡವೋ ಎಂಬುದನ್ನು ಸಂಸತ್ತು ನೋಡಿಕೊಳ್ಳಲಿ. ಆ ಇನ್ನೊಂದು ಠರಾವನ್ನು ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ. ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2010ರ ಡಿಸೆಂಬರ್‌ನಲ್ಲೇ ಹೇಳಿದೆ: ಇಂಥವರ ಪರ ವಕಾಲತ್ತು ಹಾಕಬಾರದೆಂಬ ಸಂಘಗಳ ನಿರ್ಣಯ ಸಂವಿಧಾನಕ್ಕೂ ವಿರುದ್ಧ, ವೃತ್ತಿಧರ್ಮಕ್ಕೂ ವಿರುದ್ಧ, ಅದಕ್ಕೆ ಕಾನೂನಿನ ಬೆಲೆ ಇಲ್ಲ. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ಆಯಿತು. ಬೆಂಗಳೂರಿನಿಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಬಂದು ಜಾಮೀನು ಅರ್ಜಿ ಹಾಕಬೇಕಾಯಿತು, ಹೈಕೋರ್ಟಿನ ಮುಂದೆ ನಮ್ಮ ಮರ್ಯಾದೆ ಹೋಯಿತು. ಮುಂಬೈ ದಾಳಿಯ ಕಸಬ್‌ಗೂ ಮೊದಮೊದಲು ವಕೀಲರು ಸಿಗಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಅವನ ಪರ ನಿಂತವರು ಹಿರಿಯ ವಕೀಲ ರಾಜು ರಾಮಚಂದ್ರನ್. 2012ರ ಆ ತೀರ್ಪು ಇವತ್ತು ಅಲುಗಾಡದೆ ನಿಂತಿದ್ದರೆ, ಎದುರು ಕಡೆಯೂ ಒಬ್ಬರು ಬಲವಾಗಿ ನಿಂತಿದ್ದರು ಎಂಬುದೂ ಅದಕ್ಕೊಂದು ಕಾರಣ.

ಇನ್ನೊಂದು ಮಾತು, ಇದು ಹಿರಿಯರಿಗೆ. ಗಲ್ಲು ಬೀಳಬಹುದಾದ ಕೇಸು ಕಾನೂನು ನೆರವಿಗೆ ಬಂದಾಗ ಮೂರು ವರ್ಷದ ಅನುಭವದ ಹುಡುಗನ ಹೆಗಲಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಹತ್ತು ವರ್ಷ ಸೆಷನ್ಸ್ ಕೇಸು ನಡೆಸಿದವರು ನಾಲ್ಕೈದು ಮಂದಿ ಪ್ರತಿ ಜಿಲ್ಲೆಯಲ್ಲಿ ಇದ್ದೇ ಇದ್ದೀರಿ. ಅಪರಾಧಿ ಎಂದ ದಿನವೇ ಶಿಕ್ಷೆಯ ವಾದಕ್ಕೆ ನಿಲ್ಲಬೇಡಿ, ಮುದ್ದತು ಕೇಳಿ. ಸುಪ್ರೀಂ ಕೋರ್ಟಿನ 2022ರ ಮನೋಜ್ ತೀರ್ಪು ಕೈಯಲ್ಲಿದೆ. ಜೈಲಿನ ವರದಿ, ಮನೋವೈದ್ಯರ ವರದಿ, ಮನೆಮಠದ ವಿವರ ಎಲ್ಲ ವಿಚಾರಣಾ ನ್ಯಾಯಾಲಯದಲ್ಲೇ ಬರಬೇಕು ಎಂದು ಅದರಲ್ಲಿದೆ. ಕೇಳದಿದ್ದರೆ ಯಾರೂ ತಂದುಕೊಡುವುದಿಲ್ಲ.

ನಮ್ಮೂರಿನ ಕೇಸು ಎಲ್ಲಿಗೆ ಬಂತು ಎಂದು ಹೇಳುವುದು ಬಾಕಿ ಇತ್ತು.

ಹೈಕೋರ್ಟು ಗಲ್ಲನ್ನು ಸ್ಥಿರಗೊಳಿಸಲಿಲ್ಲ. ಆರೋಪಿಗೆ ಹೆಸರಿಗಷ್ಟೇ ವಕೀಲರಿದ್ದರು, ಮುಖ್ಯ ಸಾಕ್ಷಿಗಳ ಪಾಟೀಸವಾಲೇ ಆಗಿಲ್ಲ ಎಂದು ಕಡತವನ್ನು ಮರುವಿಚಾರಣೆಗೆ ವಾಪಸು ಕಳಿಸಿತು. ಪಕ್ಕದ ಜಿಲ್ಲೆಯಿಂದ ಒಬ್ಬ ಹಿರಿಯರು ಆರೋಪಿ ಪರ ಬಂದರು. ಸಾಕ್ಷಿಗಳಿಗೆ ಮತ್ತೆ ಸಮನ್ಸ್ ಹೋಯಿತು. ಮೂರನೇ ಸಾಕ್ಷಿ ಹುಡುಗನ ತಾಯಿ. ಅವಳು ಕಟಕಟೆ ಹತ್ತಿದ ದಿನ ನಾನು ಬೇರೊಂದು ಕೇಸಿಗೆಂದು ಅದೇ ಹಾಲಿನಲ್ಲಿ ಕೂತಿದ್ದೆ. ಮಗ ಯಾವ ಅಂಗಿ ಹಾಕಿದ್ದ, ಎಷ್ಟು ಹೊತ್ತಿಗೆ ಮನೆ ಬಿಟ್ಟ, ಬಾವಿಯ ಹತ್ತಿರ ಯಾರು ಕರೆದುಕೊಂಡು ಹೋದರು ಎಂದು ಒಂದೊಂದಾಗಿ ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವಾಗ ಹೇಳಿದ್ನೆಲ್ರಿ. ಬರಕೊಂಡಿರಲಿಲ್ಲೇನ್ರಿ?” ಎಂದಳು.

ನ್ಯಾಯಾಧೀಶ ಸಾಹೇಬರು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಕೋರ್ಟಿನ ಗುಮಾಸ್ತ ಕಂದು ಲಕೋಟೆಯ ಅರಗಿನ ಸೀಲು ಒಡೆದು ಜಪ್ತಿಯಾಗಿದ್ದ ಎರಡನೇ ನಂಬರಿನ ಮುದ್ದೆಮಾಲನ್ನು ತೆಗೆದು ಅವಳ ಕೈಗೆ ಕೊಟ್ಟ. ಬೆಳ್ಳಿ ಉಡದಾರ. ಕಪ್ಪಗಾಗಿತ್ತು. ಸೊಂಟದ ಕೊಂಡಿಯ ಹತ್ತಿರ ಚೀಟಿ ಕಟ್ಟಿದ ದಾರ. ಅವಳು ಅದನ್ನು ಸೆರಗಿನ ತುದಿಯಿಂದ ಒರೆಸಿದಳು. “ಇದು ನಿನ್ನ ಮಗನದೇ ಏನಮ್ಮಾ?” “ಹೌದ್ರಿ.” ಗುಮಾಸ್ತ ಕೈ ಚಾಚಿದ. ಅವಳು ಕೂಡಲೇ ಕೊಡಲಿಲ್ಲ. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ಆ ಕಟಕಟೆಗೆ ಅವಳನ್ನು ಎರಡನೇ ಸಲ ಹತ್ತಿಸಿದವರಲ್ಲಿ ನಾನೂ ಒಬ್ಬ. ಅವಳಿಗಾಗಿಯೇ ಅಲ್ಲವೇ ನಾವು ಅವತ್ತು ಕೈ ಎತ್ತಿದ್ದು.

ಎರಡನೇ ಸಲ ಜೀವಾವಧಿಯಾಯಿತು. ಪಟಾಕಿ ಹೊಡೆಯಲು ಯಾರೂ ಬಂದಿರಲಿಲ್ಲ. ಅಪೀಲು ಇನ್ನೂ ಹೈಕೋರ್ಟಿನಲ್ಲಿದೆ. ನನ್ನ ಆ ಜೂನಿಯರ್ ವಕೀಲಿಕೆ ಬಿಟ್ಟು ಊರಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಸಿಕ್ಕರೆ ಮಾತಾಡಿಸುತ್ತಾನೆ. ಹೋದ ತಿಂಗಳು ಆ ತಾಯಿ ನನ್ನ ಆಫೀಸಿಗೆ ಬಂದಿದ್ದಳು. ಉಡದಾರ ವಾಪಸು ಬೇಕಂತೆ. ಅಪೀಲು ಮುಗಿಯುವ ತನಕ ಮುದ್ದೆಮಾಲು ಬಿಡಲು ಬರುವುದಿಲ್ಲ ಎಂದು ಕೋರ್ಟಿನಲ್ಲಿ ಹೇಳಿ ಕಳಿಸಿದ್ದಾರೆ. ಅರ್ಜಿ ಬರೆದು ಹಾಕಿದ್ದೇನೆ. ಬರುವ ಸೋಮವಾರ ವಾಯಿದೆ ಇದೆ.

ಇಂತಿ ನಿಮ್ಮ ವೃತ್ತಿಬಾಂಧವ,
ಜಿಲ್ಲಾ ಕೋರ್ಟೊಂದರ ವಕೀಲ